ಹಳೆಯ ಸೂಪ್ ಟ್ಯೂರೀನ್: ಕೊಳ್ಳುವ ಮುನ್ನ, ಬಡಿಸುವ ಮುನ್ನ

ಹಳೆಯ ಸೂಪ್ ಟ್ಯೂರೀನ್, ಅಂದರೆ ಮೇಜಿನ ಮೇಲಿಟ್ಟು ಸೂಪ್ ಬಡಿಸುವ ಮುಚ್ಚಳದ ದೊಡ್ಡ ಪಾತ್ರೆ, ಕೈಗೆ ಸಿಕ್ಕಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಹೊರಗಿನ ಚಿತ್ತಾರದ ಕಡೆಗೆ. ಆಮೇಲೆ ತಿರುಗಿಸಿ ಅಡಿಯ ಮುದ್ರೆ ನೋಡುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಒಳಮೈ. ಅದರಲ್ಲಿ ಬಿಸಿ ಸೂಪ್ ಹಾಕಿ ಊಟದ ಮೇಜಿಗೆ ತರಬಹುದೋ, ಇಲ್ಲ ಷೋಕೇಸಿನಲ್ಲೇ ಇಡಬೇಕೋ ಎನ್ನುವುದು ಅಲ್ಲಿನ ಗ್ಲೇಜಿನಿಂದ, ಅಂದರೆ ಮಣ್ಣಿನ ಮೇಲಿನ ಗಾಜಿನಂಥ ಲೇಪದಿಂದ, ತಿಳಿಯುತ್ತದೆ. ಬಡಿಸುವುದಕ್ಕೆಂದೇ ಮಾಡಿದ ಪಾತ್ರೆಯಿದು. ಬಳಸಬಹುದಾದದ್ದನ್ನು ಆರಿಸಿ ಕೊಂಡು ವರ್ಷಕ್ಕೆ ನಾಲ್ಕು ಸಲವಾದರೂ ಅದರಲ್ಲಿ ಬಡಿಸಬೇಕು ಎನ್ನುವುದು ನನ್ನ ಪಕ್ಷ. ಆದರೆ ಯಾವುದರಲ್ಲಿ ಏನು ಬಡಿಸಬಹುದು ಎನ್ನುವುದು ಗೊತ್ತಿರಬೇಕು. ನಮ್ಮ ಅಡುಗೆಯಲ್ಲಿ ಹುಳಿ ಹೆಚ್ಚು, ಹಳೆಯ ಗ್ಲೇಜಿನಲ್ಲಿ ಸೀಸ ಹೆಚ್ಚು. ಅವೆರಡೂ ಒಂದೇ ಪಾತ್ರೆಯಲ್ಲಿ ಸೇರಬಾರದು.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ 19ನೇ ಶತಮಾನದ ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್ ಟ್ಯೂರೀನ್‌ಗಳ ಬಗ್ಗೆ, ಅಂದರೆ ಐರನ್‌ಸ್ಟೋನ್ ಎಂಬ ದಪ್ಪ, ಗಟ್ಟಿ ಪಿಂಗಾಣಿಯವು ಮತ್ತು ನೀಲಿ ಚಿತ್ರ ಅಚ್ಚೊತ್ತಿದವು. ಇಂದಿಗೂ ಸಾಮಾನ್ಯ ಸಂಗ್ರಾಹಕರ ಕೈಗೆಟಕುವ ಬೆಲೆಯಲ್ಲಿ ಸಿಗುವುದು ಅವೇ. ಹೋಲಿಕೆಗೆ ಬೇಕಾದಷ್ಟು ಮಾತ್ರ ಬೇರೆ ಪಿಂಗಾಣಿಗಳ ವಿಷಯ ಬರುತ್ತದೆ.

ಟ್ಯೂರೀನ್ ಅಂದರೆ ಒಂದೇ ಪಾತ್ರೆಯಲ್ಲ, ಒಂದು ಸೆಟ್. ಎರಡು ಕಿವಿಗಳ ಆಳದ ಪಾತ್ರೆ, ಸೌಟಿನ ಹಿಡಿ ಹೊರಗೆ ಬರಲು ಅಂಚಿನಲ್ಲಿ ಕಚ್ಚು ಬಿಟ್ಟ ಮುಚ್ಚಳ, ಮುಚ್ಚಳ ಎತ್ತಲು ಅದರ ಮೇಲೊಂದು ಗುಬಟು, ಕೆಳಗೆ ಅಗಲವಾದ ಅಡಿತಟ್ಟೆ, ಜೊತೆಗೆ ಅದೇ ಚಿತ್ತಾರದ ಪಿಂಗಾಣಿ ಸೌಟು. ಎಲ್ಲವೂ ಒಟ್ಟಿಗೆ ಸಿಗುವುದು ಅಪರೂಪ. ಮೊದಲು ಮುರಿಯುವುದು ಸೌಟಿನ ಹಿಡಿ, ಆಮೇಲೆ ಮುಚ್ಚಳದ ಗುಬಟು. ಅಡಿತಟ್ಟೆ ಅಷ್ಟಾಗಿ ಒಡೆಯುವುದಿಲ್ಲ, ಆದರೆ ಬಿಡಿಯಾಗಿ ಮಾರಾಟವಾಗಿ ಎಲ್ಲೋ ಹೋಗಿರುತ್ತದೆ. ಹಾಗಾಗಿ ಮೂಲ ಸೌಟು ಇರುವ ಸೆಟ್ಟಿಗೆ ಬೆಲೆ ಹೆಚ್ಚು ಕೇಳಿದರೆ ಅದರಲ್ಲಿ ನ್ಯಾಯವಿದೆ. ಬಳಸುವ ಉದ್ದೇಶವಿದ್ದರೆ ಮಾತ್ರ ಸೌಟಿಗೆಂದು ಹೆಚ್ಚು ಹಣ ಕೊಡುವುದು ಬೇಡ. ಅದು ಮೇಜಿನ ಮೇಲೆ ಉಳಿಯುವುದಿಲ್ಲ.

ಅಳತೆ ತಿಳಿದಿದ್ದರೆ ಮಾರುವವರ ಮಾತಿಗೆ ಮೋಸಹೋಗುವುದಿಲ್ಲ. ಸೂಪಿನದ್ದು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಸುಮಾರು 30ರಿಂದ 38 ಸೆಂ.ಮೀ. ಇದ್ದು, 3ರಿಂದ 4 ಲೀಟರ್ ಹಿಡಿಯುತ್ತದೆ. ಅದೇ ಆಕಾರದ ಮರಿ, 18–20 ಸೆಂ.ಮೀ. ಉದ್ದದ್ದು, ಸಾಸ್ ಟ್ಯೂರೀನ್. ಅದರಲ್ಲಿ ಅರ್ಧ ಲೀಟರ್ ಹಿಡಿದರೆ ಹೆಚ್ಚು. ಆಳ ಕಡಿಮೆ, ಅಗಲ ಹೆಚ್ಚು, ಮುಚ್ಚಳದಲ್ಲಿ ಕಚ್ಚಿಲ್ಲ ಎಂದಾದರೆ ಅದು ತರಕಾರಿ ಬಡಿಸುವ ಪಾತ್ರೆ. ಆನ್‌ಲೈನಿನಲ್ಲಿ ಮೂರನ್ನೂ ‘ಸೂಪ್ ಟ್ಯೂರೀನ್’ ಎಂದೇ ಮಾರುತ್ತಾರೆ. ಫೋಟೋ ನೋಡಿ ಅಂದಾಜು ಮಾಡಬೇಡಿ. ಉದ್ದ, ಆಳ, ಎಷ್ಟು ನೀರು ಹಿಡಿಯುತ್ತದೆ, ಈ ಮೂರನ್ನೂ ಕೇಳಿ. ಇನ್ನೊಂದು ವಿಷಯ: ಕಚ್ಚು ಇಲ್ಲದ ನಿಜವಾದ ಸೂಪ್ ಟ್ಯೂರೀನ್‌ಗಳೂ ಇವೆ, ಬೆಳ್ಳಿಯವುಗಳಲ್ಲಿ ಅದೇ ಹೆಚ್ಚು. ಆದ್ದರಿಂದ ತೀರ್ಮಾನಿಸಬೇಕಾದದ್ದು ಆಳ ನೋಡಿ.

ಇದರ ಹಿನ್ನೆಲೆ ಫ್ರಾನ್ಸಿನದು. ಅಲ್ಲಿನ ದೊರೆ 14ನೇ ಲೂಯಿ ಯುದ್ಧದ ಖರ್ಚಿಗೆಂದು 1689ರಲ್ಲಿ, ಮತ್ತೆ 1709ರಲ್ಲಿ, ಶ್ರೀಮಂತರ ಬೆಳ್ಳಿ ಪಾತ್ರೆಗಳನ್ನು ಕರಗಿಸಲು ಆಜ್ಞೆ ಮಾಡಿದ. ಖಾಲಿಯಾದ ಮೇಜುಗಳಿಗೆ ಫಯಾನ್ಸ್, ಅಂದರೆ ತವರದ ಬಿಳಿ ಗ್ಲೇಜ್ ಕೊಟ್ಟ ಮಣ್ಣಿನ ಪಾತ್ರೆಗಳು ಬಂದವು. 18ನೇ ಶತಮಾನದ ನಡುವಿನಲ್ಲಿ ಸ್ಟ್ರಾಸ್‌ಬರ್ಗಿನ ಪಾಲ್ ಹನಾಂಗ್ ಕಾರ್ಖಾನೆ ಎಲೆಕೋಸಿನ ಆಕಾರದ ಟ್ಯೂರೀನ್ ಮಾಡಿತು, ಇಂಗ್ಲೆಂಡಿನ ಚೆಲ್ಸಿ ಮೊಲದ ಆಕಾರದ್ದು ಮಾಡಿತು. ಆಗಿನ ಊಟದ ಕ್ರಮದಲ್ಲಿ ಅತಿಥಿಗಳು ಬಂದು ಕೂರುವ ಹೊತ್ತಿಗೆ ಸೂಪ್ ಮೇಜಿನ ಮೇಲೆ ಇರುತ್ತಿತ್ತು, ಎಲ್ಲರ ಕಣ್ಣೂ ಅದರ ಮೇಲೇ. ಆದ್ದರಿಂದ ಇಡೀ ಸೆಟ್ಟಿನಲ್ಲಿ ಹೆಚ್ಚು ಕೆಲಸಗಾರಿಕೆ ಕಂಡದ್ದು ಟ್ಯೂರೀನ್. 19ನೇ ಶತಮಾನದಲ್ಲಿ ಬಡಿಸುವವರು ಒಂದೊಂದೇ ಬಗೆಯನ್ನು ತಂದು ಬಡಿಸುವ ಕ್ರಮ ಹಬ್ಬಿದ ಮೇಲೆ ಅದು ಮೇಜಿನ ನಡುವಿನಿಂದ ಪಕ್ಕದ ಮೇಜಿಗೆ ಸರಿಯಿತು. ಅತ್ಯುತ್ತಮ ಮಾದರಿಗಳನ್ನು ಒಂದೇ ಕಡೆ ನೋಡಬೇಕೆನ್ನುವವರು ಅಮೆರಿಕದ ಡೆಲವೇರ್‌ನಲ್ಲಿರುವ ವಿಂಟರ್‌ಥರ್ ಮ್ಯೂಸಿಯಂಗೆ ಹೋಗಬೇಕು. ಕ್ಯಾಂಪ್‌ಬೆಲ್ ಸೂಪ್ ಕಂಪನಿ 1966ರಿಂದ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಕೂಡಿಟ್ಟ ಸಂಗ್ರಹ ಈಗ ಅಲ್ಲಿದೆ. ಆ ಭಾಗದಲ್ಲಿ ನೆಲೆಸಿರುವ ಕನ್ನಡಿಗರು ಒಂದು ಶನಿವಾರವನ್ನು ಅದಕ್ಕೆ ಕೊಡಬಹುದು.

ಯಾವ ಮಣ್ಣು, ಯಾವ ಗ್ಲೇಜ್

‘ಪಿಂಗಾಣಿ’ ಎಂದು ಒಂದೇ ಹೆಸರಿನಲ್ಲಿ ನಾವು ಕರೆಯುವುದರಲ್ಲಿ ಕನಿಷ್ಠ ಮೂರು ಜಾತಿಗಳಿವೆ. ಬಳಕೆಯ ಪ್ರಶ್ನೆ ಬಂದಾಗ ಈ ವ್ಯತ್ಯಾಸವೇ ಮುಖ್ಯ.

ಮೊದಲನೆಯದು ಅರ್ದನ್‌ವೇರ್. ಕೆನೆಬಣ್ಣದ ಕ್ರೀಮ್‌ವೇರ್, ನೀಲಿ ಅಚ್ಚಿನ ಹೆಚ್ಚಿನ ಟ್ಯೂರೀನ್‌ಗಳು, ಫಯಾನ್ಸ್, ಗಾಢ ಬಣ್ಣದ ಮೆಜಾಲಿಕಾ ಎಲ್ಲವೂ ಇದರಲ್ಲೇ ಬರುತ್ತವೆ. ಒಳಗಿನ ಮಣ್ಣು ನೀರು ಹೀರುತ್ತದೆ. ಚಕ್ಕೆ ಎದ್ದ ಕಡೆ ಒಂದು ಹನಿ ನೀರು ಇಟ್ಟು ನೋಡಿ, ಹೀರಿಕೊಂಡರೆ ಅರ್ದನ್‌ವೇರ್. ಮೇಲಿನ ಗ್ಲೇಜಿನಲ್ಲಿ ಸೀಸ ಇರುತ್ತದೆ. ಮೆಜಾಲಿಕಾದಲ್ಲಿ ಅದು ತೀರಾ ಹೆಚ್ಚು. ಆ ಬಣ್ಣಗಳ ಹೊಳಪಿಗೆ ಸೀಸವೇ ಕಾರಣ.

ಎರಡನೆಯದು ಐರನ್‌ಸ್ಟೋನ್. 1813ರಲ್ಲಿ ಚಾರ್ಲ್ಸ್ ಜೇಮ್ಸ್ ಮೇಸನ್ ಪಡೆದ ಪೇಟೆಂಟ್‌ನಿಂದ ಈ ಹೆಸರು ಚಾಲ್ತಿಗೆ ಬಂತು. ಅವರ ತಂದೆ ಮೈಲ್ಸ್ ಮೇಸನ್ ಚೀನಾ ಪಿಂಗಾಣಿಯನ್ನು ಮಾರುತ್ತಿದ್ದ ವ್ಯಾಪಾರಿ. ಈಸ್ಟ್ ಇಂಡಿಯಾ ಕಂಪನಿ 1791ರಲ್ಲಿ ಚೀನಾ ಪಿಂಗಾಣಿಯ ಸಗಟು ಆಮದು ನಿಲ್ಲಿಸಿದ ಮೇಲೆ, ಅದಕ್ಕೆ ಬದಲಾಗಿ ನಿಲ್ಲುವ ಗಟ್ಟಿ ಸಾಮಾನಿಗೆ ಬೇಡಿಕೆ ಇತ್ತು. ಚಾರ್ಲ್ಸ್ ಮೇಸನ್ 1848ರಲ್ಲಿ ದಿವಾಳಿಯಾದರೂ ಅವರ ಅಚ್ಚುಗಳು ಫ್ರಾನ್ಸಿಸ್ ಮಾರ್ಲಿ ಕೈಗೆ, ಅಲ್ಲಿಂದ ಆಶ್‌ವರ್ತ್ ಸಹೋದರರ ಕೈಗೆ ಹೋದವು. ಹಾಗಾಗಿ ಒಂದೇ ಆಕಾರದ ಟ್ಯೂರೀನ್ 1820ರದ್ದೂ ಇರಬಹುದು, 1870ರದ್ದೂ ಇರಬಹುದು. 1840ರ ನಂತರ ಅಮೆರಿಕದ ಮಾರುಕಟ್ಟೆಗೆಂದು ಚಿತ್ತಾರವೇ ಇಲ್ಲದ, ಉಬ್ಬು ಕೆತ್ತನೆಯ ಬಿಳಿ ಐರನ್‌ಸ್ಟೋನ್ ರಾಶಿ ರಾಶಿಯಾಗಿ ಹೋಯಿತು. ಟಿ. ಅಂಡ್ ಆರ್. ಬೂಟ್ ಕಂಪನಿಯ 1853ರ ‘ಸಿಡ್ನಮ್’ ಆಕಾರ, ಎಲ್ಸ್‌ಮೋರ್ ಅಂಡ್ ಫಾರ್ಸ್ಟರ್ ಅವರ 1859ರ ಗೋಧಿ ತೆನೆಯ ‘ಸೀರೀಸ್’ ಆಕಾರ ಇವುಗಳಲ್ಲಿ ಪ್ರಸಿದ್ಧ. ನನಗೆ ಅತಿ ಪ್ರಿಯವಾದದ್ದು ಇವೇ. ಅಲಂಕಾರವೆಲ್ಲ ಅಚ್ಚಿನಲ್ಲೇ ಇರುವುದರಿಂದ ತೊಳೆದರೆ ಅಳಿಯುವ ಭಯವಿಲ್ಲ, ದಪ್ಪ ಗೋಡೆ, ನೀರು ಹೀರುವುದು ಕಡಿಮೆ. ಆದರೆ ಗ್ಲೇಜಿನಲ್ಲಿ ಸೀಸ ಇಲ್ಲವೆಂದು ತಿಳಿಯಬೇಡಿ. ಆ ಕಾಲದ ಸ್ಟ್ಯಾಫರ್ಡ್‌ಶೈರ್ ಗ್ಲೇಜ್ ಎಂದರೆ ಸೀಸದ ಗ್ಲೇಜ್.

ಮೂರನೆಯದು ಗಟ್ಟಿ ಪೋರ್ಸಲಿನ್: ಚೀನಾದ್ದು, ಜರ್ಮನಿಯ ಮೈಸನ್ ಮತ್ತು ಬವೇರಿಯಾದ್ದು, ಫ್ರಾನ್ಸಿನ ಲಿಮೋಜ್‌ನದು. ಮಣ್ಣೂ ಗ್ಲೇಜೂ ಒಟ್ಟಿಗೆ 1,300–1,400 ಡಿಗ್ರಿ ಬೆಂಕಿಯಲ್ಲಿ ಬೇಯುತ್ತವೆ. ಗ್ಲೇಜ್ ಫೆಲ್ಡ್‌ಸ್ಪಾರ್ ಎಂಬ ಖನಿಜದ್ದು, ಅದಕ್ಕೆ ಸೀಸ ಬೇಕಿಲ್ಲ. ಸೀಸ ಇದ್ದರೆ ಗ್ಲೇಜಿನ ಮೇಲೆ ಆಮೇಲೆ ಬರೆದ ಬಣ್ಣಗಳಲ್ಲಿ ಇರುತ್ತದೆ. ಹಾಗಾಗಿ ನಿಜವಾಗಿ ಬಳಸುವುದಕ್ಕೆಂದೇ ಒಂದು ಟ್ಯೂರೀನ್ ಬೇಕು ಎನ್ನುವವರಿಗೆ ನನ್ನ ಸಲಹೆ: 20ನೇ ಶತಮಾನದ ಲಿಮೋಜ್ ಅಥವಾ ಬವೇರಿಯಾದ್ದು, ಒಳಗೆ ಅಚ್ಚ ಬಿಳಿ, ಬಣ್ಣ ಏನಿದ್ದರೂ ಹೊರಗೆ ಮಾತ್ರ. ಟಾರ್ಚ್ ಹಿಡಿದರೆ ತೆಳುವಾದ ಗೋಡೆಯಲ್ಲಿ ಬೆಳಕು ದಾಟುತ್ತದೆ, ಐರನ್‌ಸ್ಟೋನಿನಲ್ಲಿ ದಾಟುವುದಿಲ್ಲ. ಮೂಳೆಯ ಬೂದಿ ಬೆರೆಸಿ ಮಾಡುವ ಬೋನ್ ಚೈನಾದಲ್ಲೂ ಬೆಳಕು ದಾಟುತ್ತದೆ, ಆದರೆ ಹಳೆಯ ಬೋನ್ ಚೈನಾದ ಗ್ಲೇಜಿನಲ್ಲಿ ಸೀಸ ಇರುತ್ತದೆ. ಬೆಳಕು ದಾಟಿತು ಎಂದಷ್ಟರಿಂದ ತೀರ್ಮಾನಕ್ಕೆ ಬರಬೇಡಿ, ಮುದ್ರೆಯನ್ನೂ ಓದಿ.

ಕೊಳ್ಳುವಾಗ

ಮುಚ್ಚಳವನ್ನು ಮೊದಲು ತೆಗೆದು ಪಕ್ಕಕ್ಕಿಡಿ. ಇಡುವಾಗ ಗುಬಟು ಕೆಳಗೆ ಬರಬಾರದು. ಪಾತ್ರೆಯನ್ನು ಅಂಗೈ ಮೇಲೆ ಕೂರಿಸಿ ಬೆರಳುಗುರಿನಿಂದ ಮೆಲ್ಲಗೆ ತಟ್ಟಿ. ಗಟ್ಟಿ ಪೋರ್ಸಲಿನ್ ಗಂಟೆಯಂತೆ ನಾದ ಕೊಡುತ್ತದೆ, ಐರನ್‌ಸ್ಟೋನ್ ಅದಕ್ಕಿಂತ ಮಂದ್ರ. ಅರ್ದನ್‌ವೇರ್ ನಾದ ಬೇಗ ನಿಲ್ಲುತ್ತದೆ. ಠಪ್ ಎಂದು ಸತ್ತ ಸದ್ದು ಬಂದರೆ ಎಲ್ಲೋ ಬಿರುಕಿದೆ. ಕೋಣೆ ಕತ್ತಲು ಮಾಡಿ ಒಳಗೆ ಟಾರ್ಚ್ ಇಟ್ಟು ಹೊರಗಿನಿಂದ ನೋಡಿ. ಕೂದಲೆಳೆ ಬಿರುಕು ಸಾಮಾನ್ಯವಾಗಿ ಬಾಯಂಚಿನಿಂದ ಕೆಳಕ್ಕೆ, ಇಲ್ಲವೇ ಕಿವಿ ಅಂಟಿದ ಬುಡದಿಂದ ಹೊರಡುತ್ತದೆ. ಪಾದದ ಒಳಸುತ್ತಿನಲ್ಲಿ ನಕ್ಷತ್ರದಂತೆ ಹರಡಿದ ಬಿರುಕು ಕಂಡರೆ, ಯಾರೋ ತಣ್ಣನೆಯ ಪಾತ್ರೆಗೆ ಕುದಿಯುವುದನ್ನು ಸುರಿದಿರಬೇಕು ಅಥವಾ ಜೋರಾಗಿ ಕುಕ್ಕಿರಬೇಕು. ಅಂಥದ್ದು ಎಷ್ಟೇ ಅಗ್ಗವಾದರೂ ಬಳಕೆಗೆ ಬೇಡ.

ರಿಪೇರಿ ಹುಡುಕುವುದು ಒಂದು ವಿದ್ಯೆ. ಗುಬಟು, ಕಿವಿಗಳು, ಬಾಯಂಚು, ಈ ಮೂರು ಕಡೆ ಮನಸ್ಸಿಟ್ಟು ನೋಡಿ. ನಿಜವಾದ ಗ್ಲೇಜ್ ಮುಟ್ಟಿದರೆ ತಣ್ಣಗಿರುತ್ತದೆ, ಗುಂಡುಸೂಜಿಯ ತುದಿ ತಾಗಿಸಿದರೆ ಟಿಕ್ ಎನ್ನುತ್ತದೆ. ರಾಳದಿಂದ ತುಂಬಿ ಬಣ್ಣ ಹಚ್ಚಿದ ಜಾಗ ತುಸು ಬೆಚ್ಚಗೆ, ಮೆತ್ತಗೆ ಇರುತ್ತದೆ, ಸೂಜಿಗೆ ಸದ್ದು ಬರುವುದಿಲ್ಲ. ನೋಟು ಪರೀಕ್ಷಿಸುವ ಚಿಕ್ಕ ಯುವಿ ಟಾರ್ಚ್ ಜೇಬಿನಲ್ಲಿರಲಿ, 365 ನ್ಯಾನೋಮೀಟರಿನದಾದರೆ ಒಳ್ಳೆಯದು. ಕತ್ತಲಲ್ಲಿ ಹಿಡಿದರೆ ರಿಪೇರಿಯ ಅಂಟು ಮತ್ತು ಬಣ್ಣ ಸುತ್ತಲಿನ ಗ್ಲೇಜಿಗಿಂತ ಬೇರೆಯಾಗಿ ಹೊಳೆಯುವುದೇ ಹೆಚ್ಚು. ಹಳೆಯ ಕಾಲದಲ್ಲಿ ಒಡಕಿಗೆ ಲೋಹದ ಕೊಕ್ಕೆ ಬಡಿಯುತ್ತಿದ್ದರು. ಅಂಥ ಕೊಕ್ಕೆಗಳನ್ನು ಕೀಳಿಸಬೇಡಿ, ಅವೂ ಆ ಪಾತ್ರೆಯ ಚರಿತ್ರೆ. ಆದರೆ ಕೊಕ್ಕೆ ಬಡಿದದ್ದರಲ್ಲಾಗಲಿ ಅಂಟು ಹಾಕಿದ್ದರಲ್ಲಾಗಲಿ ಬಿಸಿ ಪದಾರ್ಥ ಹಾಕುವಂತಿಲ್ಲ. ಮನೆಯಲ್ಲಿ ಬಳಸುವ ಎಪಾಕ್ಸಿ ಅಂಟುಗಳಲ್ಲಿ ಬಹಳಷ್ಟು 50–60 ಡಿಗ್ರಿಗೇ ಮೆತ್ತಗಾಗಲು ತೊಡಗುತ್ತವೆ. ತುಂಬಿದ ಪಾತ್ರೆ ಎತ್ತುವಾಗ ಕಿವಿ ಕೈಯಲ್ಲಿ, ಪಾತ್ರೆ ನೆಲದಲ್ಲಿ ಎಂದಾಗುತ್ತದೆ.

ಇನ್ನು ಮುಚ್ಚಳದ ವಿಷಯ. ಇದರ ಮುಚ್ಚಳ ಅದಕ್ಕೆ ಹಾಕಿ ಮಾರುವುದು ತುಂಬ ಸಾಮಾನ್ಯ. ಮುಚ್ಚಳ ಸ್ವಲ್ಪ ಅಲ್ಲಾಡಿದರೆ ಗಾಬರಿ ಬೇಡ, ಗೂಡಿನ ಬೆಂಕಿಯಲ್ಲಿ ಪಾತ್ರೆ ತುಸು ಸೊಟ್ಟಗಾಗಿರುತ್ತದೆ. ಅದನ್ನು 180 ಡಿಗ್ರಿ ತಿರುಗಿಸಿ ಕೂರಿಸಿ. ಮೂಲದ ಮುಚ್ಚಳವಾದರೆ ಎರಡರಲ್ಲಿ ಒಂದು ದಿಕ್ಕಿಗೆ ಚೆನ್ನಾಗಿ ಕೂರುತ್ತದೆ. ಎರಡೂ ದಿಕ್ಕಿಗೆ ಸುತ್ತಲೂ ಸಡಿಲ ಅಥವಾ ಅಂಚಿನ ಮೇಲೆ ಹತ್ತಿ ನಿಂತರೆ ಅನುಮಾನಿಸಿ. ಆಮೇಲೆ ಹಗಲು ಬೆಳಕಿನಲ್ಲಿ ಎರಡರ ಬಿಳುಪನ್ನೂ ನೀಲಿಯನ್ನೂ ಹೋಲಿಸಿ, ಮೂಲೆಗಳಲ್ಲಿ ನಿಂತ ಗ್ಲೇಜಿನ ಛಾಯೆ ನೋಡಿ. ಚಿತ್ರ ಬೇರೆಯಾಗಿದ್ದ ಮಾತ್ರಕ್ಕೆ ಮುಚ್ಚಳ ಬೇರೆಯದು ಎನ್ನಲಾಗದು. ಸ್ಟ್ಯಾಫರ್ಡ್‌ಶೈರಿನ ಸ್ಪೋಡ್ ಕಂಪನಿಯ ‘ಇಂಡಿಯನ್ ಸ್ಪೋರ್ಟಿಂಗ್’ ಸೆಟ್ ಇದಕ್ಕೆ ಒಳ್ಳೆಯ ಉದಾಹರಣೆ. ಬಂಗಾಳದಲ್ಲಿ ಸೇವೆಯಲ್ಲಿದ್ದ ಕ್ಯಾಪ್ಟನ್ ಥಾಮಸ್ ವಿಲಿಯಮ್ಸನ್ ಅವರ ಬೇಟೆ ಪುಸ್ತಕಕ್ಕೆ ಸ್ಯಾಮ್ಯುಯೆಲ್ ಹೊವಿಟ್ ಬರೆದ ಭಾರತದ ಬೇಟೆಯ ದೃಶ್ಯಗಳು ಅದರ ಮೇಲಿವೆ. ಆ ಸೆಟ್ಟಿನಲ್ಲಿ ಒಂದೊಂದು ಆಕಾರದ ಪಾತ್ರೆಗೆ ಒಂದೊಂದು ದೃಶ್ಯ, ಅಂಚಿನ ಪಟ್ಟಿ ಮಾತ್ರ ಎಲ್ಲಕ್ಕೂ ಒಂದೇ. ಇಂಥವುಗಳಲ್ಲಿ ಹೋಲಿಸಬೇಕಾದದ್ದು ಅಂಚುಪಟ್ಟಿ.

ಅಚ್ಚು ನಿಜವಾಗಿ ಹಳೆಯದೇ ಎಂದು ತಿಳಿಯಲು 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಸ್ಪೋಡ್ 1784ರ ಸುಮಾರಿಗೆ ಹದಕ್ಕೆ ತಂದ ವಿಧಾನದಲ್ಲಿ ತಾಮ್ರದ ಫಲಕದಲ್ಲಿ ಕೊರೆದ ಚಿತ್ರಕ್ಕೆ ಕೋಬಾಲ್ಟ್ ನೀಲಿ ತುಂಬಿ, ತೆಳು ಕಾಗದದ ಮೇಲೆ ಒತ್ತಿ, ಆ ಕಾಗದವನ್ನು ಸುಟ್ಟ ಮಣ್ಣಿಗೆ ಉಜ್ಜಿ ಅಂಟಿಸುತ್ತಿದ್ದರು. ಉಬ್ಬುತಗ್ಗಿನ ಟ್ಯೂರೀನ್‌ಗೆ ಕಾಗದ ನೆಟ್ಟಗೆ ಕೂರುವುದಿಲ್ಲ. ಕತ್ತರಿಸಿ ಜೋಡಿಸಿದ ಗೆರೆ ಅಂಚುಪಟ್ಟಿಯಲ್ಲಿ ಎಲ್ಲೋ ಒಂದೆಡೆ ಸಿಕ್ಕೇ ಸಿಗುತ್ತದೆ, ಎಲೆಯೊಂದು ಅರ್ಧಕ್ಕೇ ನಿಂತಿರುತ್ತದೆ. ಅದು ದೋಷವಲ್ಲ, ಕೈಕೆಲಸದ ಗುರುತು. ಭೂತಗನ್ನಡಿಯಲ್ಲಿ ಕೊರೆದ ಗೆರೆಗಳೂ ಚುಕ್ಕಿಗಳೂ ಒಂದೇ ಬಣ್ಣದಲ್ಲಿ ದಪ್ಪ ತೆಳುವಾಗಿ ಕಾಣಬೇಕು. ಪತ್ರಿಕೆಯ ಫೋಟೋದಲ್ಲಿರುವಂತೆ ಹಲವು ಬಣ್ಣದ ಸಮನಾದ ಚುಕ್ಕಿಗಳು ಕಂಡರೆ ಅದು ಇತ್ತೀಚಿನ ಸ್ಟಿಕ್ಕರ್ ಅಚ್ಚು.

ಮುದ್ರೆಗಳಲ್ಲಿ ಇಷ್ಟು ನೆನಪಿದ್ದರೆ ಸಾಕು. ವಜ್ರಾಕಾರದ ಬ್ರಿಟಿಷ್ ನೋಂದಣಿ ಗುರುತು 1842ರಿಂದ 1883ರವರೆಗಿನದು. 1867ರವರೆಗೆ ವರ್ಷದ ಅಕ್ಷರ ಮೇಲಿನ ಮೂಲೆಯಲ್ಲಿ, 1868ರಿಂದ ಬಲ ಮೂಲೆಯಲ್ಲಿ. ಮೇಲೆ ‘ವೈ’ ಅಕ್ಷರವಿದ್ದರೆ 1853. ಅದು ಆಕಾರ ನೋಂದಣಿಯಾದ ದಿನ, ಪಾತ್ರೆ ತಯಾರಾದ ದಿನವಲ್ಲ. ಹತ್ತು ವರ್ಷದ ನಂತರದ ಪಾತ್ರೆಯಲ್ಲೂ ಅದೇ ಇರಬಹುದು. 1884ರಿಂದ ವಜ್ರದ ಬದಲು ನೋಂದಣಿ ಸಂಖ್ಯೆ. ‘ಇಂಗ್ಲೆಂಡ್’ ಎಂದಿದ್ದರೆ ಬಹುಪಾಲು 1891ರ ನಂತರದ್ದು, ಆ ವರ್ಷದಿಂದ ಅಮೆರಿಕ ತಯಾರಾದ ದೇಶದ ಹೆಸರು ಕಡ್ಡಾಯ ಮಾಡಿತು. ‘ಮೇಡ್ ಇನ್ ಇಂಗ್ಲೆಂಡ್’ 20ನೇ ಶತಮಾನದ್ದು. ಸಿಂಹ ಮತ್ತು ಒಂಟಿಕೊಂಬಿನ ಕುದುರೆಯ ಲಾಂಛನದ ಜೊತೆ ‘ವಿಕ್ಟೋರಿಯಾ ವೇರ್ ಐರನ್‌ಸ್ಟೋನ್’ ಎಂದು ಕಂಡರೆ ಕೆಳಗಿಟ್ಟು ಮುಂದೆ ಹೋಗಿ. ಅದು ಹೊಸ ಸಾಮಾನಿಗೆ ಹಳೆಯ ವೇಷ. ಒಂದೇ ಬಗೆಯ ಕಂದು ಬಣ್ಣ ಎಲ್ಲ ಕಡೆ ಹರಡಿದ್ದರೂ ಹಾಗೆಯೇ. ನಿಜವಾದ ಕಲೆ ಬಾಯಂಚು, ಪಾದ, ಬಿರುಕುಗಳ ಜಾಗದಲ್ಲಿ ಹೆಚ್ಚು, ಉಳಿದೆಡೆ ಕಡಿಮೆ ಇರುತ್ತದೆ. ಸವೆತವೂ ಪಾದದ ಅಡಿಯಲ್ಲಿ, ಮುಚ್ಚಳ ಕೂರುವ ಅಂಚಿನಲ್ಲಿ ಇರಬೇಕು.

ಏನು ಬಡಿಸಬಹುದು

ಸೀಸವನ್ನು ಗ್ಲೇಜಿನಿಂದ ಹೊರಗೆಳೆಯುವುದು ಮೂರು: ಹುಳಿ, ಬಿಸಿ, ಸಮಯ. ಹುಣಸೆ ಸಾರು, ಟೊಮೆಟೊ ಸೂಪ್, ನಿಂಬೆ ಹಿಂಡಿದ ಮಲ್ಲಿಗಟಾನಿ ಸೂಪ್, ಮಜ್ಜಿಗೆ ಹುಳಿ ಎಲ್ಲದರಲ್ಲೂ ಮೊದಲೆರಡು ಇದ್ದೇ ಇವೆ. ಒಂದು ಗಂಟೆ ಊಟ ನಡೆದರೆ ಮೂರನೆಯದೂ ಸೇರಿತು. ಸೀಸಕ್ಕೆ ‘ಇಷ್ಟರವರೆಗೆ ಅಪಾಯವಿಲ್ಲ’ ಎಂಬ ಮಿತಿ ಗೊತ್ತಾಗಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮಕ್ಕಳಿಗೆ, ಬಸುರಿಯರಿಗೆ ಅಪಾಯ ಹೆಚ್ಚು.

ಆದ್ದರಿಂದ ನಾನು ಹಾಕಿಕೊಂಡ ಗೆರೆ ಹೀಗೆ. ಮೆಜಾಲಿಕಾ, ಫಯಾನ್ಸ್, ಕ್ರೀಮ್‌ವೇರ್, ನೀಲಿ ಅಚ್ಚಿನ ಅರ್ದನ್‌ವೇರ್, ಒಳಗೆ ಬಣ್ಣ ಅಥವಾ ಚಿನ್ನ ಇರುವುದು, ಗ್ಲೇಜಿನಲ್ಲಿ ಬಲೆಯಂತೆ ಬಿರುಕು ಹರಡಿರುವುದು, ಇವುಗಳಿಗೆ ಪದಾರ್ಥ ನೇರವಾಗಿ ಹಾಕುವುದೇ ಇಲ್ಲ. ಒಳಗೊಂದು ಸ್ಟೀಲ್ ಅಥವಾ ಗಾಜಿನ ಬಟ್ಟಲು ಇಟ್ಟು ಅದರಲ್ಲಿ ಬಡಿಸಬೇಕು. ಬೆಳ್ಳಿ ಟ್ಯೂರೀನ್‌ಗಳಿಗೆ ಒಳಪಾತ್ರೆ ಮಾಡಿಸುತ್ತಿದ್ದ ಪದ್ಧತಿ ಮೊದಲಿನಿಂದ ಇದೆ, ಇದು ಮರ್ಯಾದೆಗೆಟ್ಟ ಕೆಲಸವೇನಲ್ಲ. ಬಟ್ಟಲಿನ ಬಾಯಿ ಟ್ಯೂರೀನ್ ಬಾಯಿಗಿಂತ ಸುತ್ತಲೂ ಒಂದು ಸೆಂ.ಮೀ. ಕಡಿಮೆ ಇರಲಿ. ತಳಕ್ಕೆ ಮಡಿಸಿದ ಹತ್ತಿ ಬಟ್ಟೆ ಹಾಸಿದರೆ ಸದ್ದೂ ಇಲ್ಲ, ಗೀಚೂ ಇಲ್ಲ. ಬಿರುಕಿಲ್ಲದ, ಒಳಮೈ ಹೊಳಪು ಮಾಸದ ಬಿಳಿ ಐರನ್‌ಸ್ಟೋನಿನಲ್ಲಿ ಹುಳಿಯಿಲ್ಲದ್ದನ್ನು ದೊಡ್ಡವರಿಗೆ ಮಾತ್ರ, ಅಪರೂಪಕ್ಕೆ, ಊಟದ ಹೊತ್ತಿಗಷ್ಟೇ ಬಡಿಸಬಹುದು: ಬಟಾಣಿ ಸೂಪ್, ಆಲೂಗಡ್ಡೆ ಸೂಪ್, ಶಾವಿಗೆ ಪಾಯಸ, ಗಸಗಸೆ ಪಾಯಸ. ಅಡಿತಟ್ಟೆ ಮೇಲೆ ಮುಚ್ಚಳ ಹಾಕಿ ತಂದಿಟ್ಟ ಗಸಗಸೆ ಪಾಯಸಕ್ಕೆ ಬರುವ ಕಳೆ ಬೇರೆ ಯಾವ ಪಾತ್ರೆಯಲ್ಲೂ ಬರುವುದಿಲ್ಲ. ಸಾರು, ಹುಳಿ, ಟೊಮೆಟೊ ಏನಿದ್ದರೂ ಒಳಗೆ ಬಿಳಿ ಇರುವ ಗಟ್ಟಿ ಪೋರ್ಸಲಿನ್‌ಗೆ.

ಆನ್‌ಲೈನಿನಲ್ಲಿ ಸಿಗುವ ಸೀಸದ ಪರೀಕ್ಷೆಯ ಕಡ್ಡಿ ಕೆಂಪಾದರೆ ಸೀಸ ಇದೆ ಎಂದರ್ಥ. ಕೆಂಪಾಗದಿದ್ದರೆ ಇಲ್ಲ ಎಂದು ಅರ್ಥವಲ್ಲ, ಅದು ಮೇಲ್ಮೈಯನ್ನಷ್ಟೇ ನೋಡುತ್ತದೆ. ಸರಿಯಾದ ಪರೀಕ್ಷೆ ಪ್ರಯೋಗಾಲಯದ್ದು: ಪಾತ್ರೆಯಲ್ಲಿ ಶೇ. 4ರ ಅಸಿಟಿಕ್ ಆಮ್ಲ ತುಂಬಿ 24 ಗಂಟೆ ಇಟ್ಟು, ಅದರಲ್ಲಿ ಕರಗಿದ ಸೀಸ ಅಳೆಯುತ್ತಾರೆ. 1.1 ಲೀಟರಿಗಿಂತ ದೊಡ್ಡ ಪಾತ್ರೆಗಳಿಗೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಟ್ಟಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಗ್ಲೇಜಿನ ಮೇಲೆ ಬರೆದ ಬಣ್ಣವಿರುವ ಪಾತ್ರೆಗೆ ಈ ಪರೀಕ್ಷೆ ಬೇಡ, ಬಣ್ಣ ಮಂಕಾಗಬಹುದು.

ಮೇಜಿಗೆ ತರುವ ಕ್ರಮ

ದಪ್ಪ ಪಾತ್ರೆ ಸೂಪಿನ ಬಿಸಿಯನ್ನು ತಾನೇ ನುಂಗುತ್ತದೆ. 3 ಕಿಲೋ ತೂಕದ, 25 ಡಿಗ್ರಿಯಲ್ಲಿರುವ ಐರನ್‌ಸ್ಟೋನಿಗೆ 80 ಡಿಗ್ರಿಯ ಒಂದು ಲೀಟರ್ ಸೂಪ್ ಸುರಿದರೆ, ಲೆಕ್ಕ ಹಾಕಿ ನೋಡಿ, ಸೂಪ್ 60 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಅದೇ ಪಾತ್ರೆಯನ್ನು ಮೊದಲು 55 ಡಿಗ್ರಿಗೆ ಬೆಚ್ಚಗೆ ಮಾಡಿಕೊಂಡಿದ್ದರೆ 70ರ ಹತ್ತಿರ ನಿಲ್ಲುತ್ತದೆ. ಮೂರು ಲೀಟರ್ ಹಾಕುವುದಾದರೆ ತಣ್ಣನೆಯ ಪಾತ್ರೆಯಲ್ಲೂ 70 ಉಳಿಯುತ್ತದೆ, ಆದರೆ ಆಗಲೂ ಬೆಚ್ಚಗೆ ಮಾಡಲೇಬೇಕು. ಅಲ್ಲಿ ಕಾರಣ ರುಚಿಯಲ್ಲ, ಬಿರುಕು. ಒಳಗೋಡೆ ಥಟ್ಟನೆ ಹಿಗ್ಗಿ ಹೊರಗೋಡೆ ಹಿಗ್ಗದಿದ್ದರೆ ಕಿವಿಯ ಬುಡದಲ್ಲಿ, ಪಾದದ ಸುತ್ತಿನಲ್ಲಿ ಬಿರುಕು ಬಿಡುತ್ತದೆ.

ಕೈ ತಡೆಯುವ ಬೆಚ್ಚನೆ ನೀರು, ಸುಮಾರು 40 ಡಿಗ್ರಿ, ಮುಕ್ಕಾಲು ಪಾಲು ತುಂಬಿ 5 ನಿಮಿಷ ಬಿಡಿ. ಅರ್ಧ ಚೆಲ್ಲಿ ಇನ್ನಷ್ಟು ಬಿಸಿ ನೀರು ಸೇರಿಸಿ 60ರ ಹತ್ತಿರ ತಂದು ಮತ್ತೆ 5–10 ನಿಮಿಷ. ಮುಚ್ಚಳವನ್ನೂ ಬೆಚ್ಚನೆ ನೀರಿನಲ್ಲಿ ಅದ್ದಿ ತೆಗೆಯಿರಿ, ಇಲ್ಲದಿದ್ದರೆ ಆವಿ ಬೆವರಿ ಹನಿ ಹನಿಯಾಗಿ ಸೂಪಿಗೇ ಬೀಳುತ್ತದೆ. ನೀರು ಚೆಲ್ಲಿ, ಒರೆಸಿ, ಪಾತ್ರೆಯನ್ನು ಅಡಿತಟ್ಟೆಯ ಮೇಲೆ ಕೂರಿಸಿ, ಊಟದ ಮೇಜಿನ ಮೇಲೆ ಅದರ ಜಾಗದಲ್ಲಿಟ್ಟ ಮೇಲೆ ಸೂಪ್ ಸುರಿಯಿರಿ. ಅಡುಗೆಮನೆಯಲ್ಲೇ ತುಂಬಿ ಹೊತ್ತು ತರುವುದು ಕೆಟ್ಟ ಅಭ್ಯಾಸ. ಪಾತ್ರೆಯೂ ಸೂಪೂ ಸೇರಿ 6–7 ಕಿಲೋ ಆಗುತ್ತದೆ, ಎರಡು ಕಿವಿಗಳು ಅದನ್ನು ಹೊರಲು ಮಾಡಿದವಲ್ಲ. ಕಿವಿ ಪಾತ್ರೆಯನ್ನು ನೆಟ್ಟಗೆ ಹಿಡಿಯಲು ಮಾತ್ರ. ಎತ್ತಲೇಬೇಕಾದರೆ ಎರಡೂ ಕೈ ಅಡಿಗೆ ಕೊಟ್ಟು ಎತ್ತಿ. ಕುದಿ ನಿಂತು ಐದಾರು ನಿಮಿಷ ಆರಿದ ಮೇಲೆ, ಅಡುಗೆಯ ಪಾತ್ರೆಯಿಂದ ಸೌಟಿನಲ್ಲಿ ಮೊದಲೆರಡು ಸಲ ಟ್ಯೂರೀನ್ ತಳಕ್ಕೆ ಹಾಕಿ, ಆಮೇಲೆ ಉಳಿದದ್ದು. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬೇಡಿ, ಸೌಟು ಅದ್ದಿದಾಗ ಉಕ್ಕಬಾರದು.

ಒಬ್ಬರಿಗೆ 200–250 ಮಿ.ಲೀ. ಹಿಡಿದರೆ, ಮೂರರಲ್ಲಿ ಎರಡು ಪಾಲು ತುಂಬಿದ 3 ಲೀಟರಿನ ಪಾತ್ರೆ 8–10 ಜನಕ್ಕೆ ಸಾಕು. ನಾಲ್ವರ ಮನೆಗೆ ಅಷ್ಟು ದೊಡ್ಡದರ ಅಗತ್ಯವಿಲ್ಲ. ಎರಡು ಲೀಟರಿನ 20ನೇ ಶತಮಾನದ ಪೋರ್ಸಲಿನ್ ಹುಡುಕಿ. ಸೌಟು ಮರದ್ದಾದರೆ ಒಳ್ಳೆಯದು. ಸ್ಟೀಲ್ ಸೌಟು ಗ್ಲೇಜಿನ ಮೇಲೆ ಪೆನ್ಸಿಲಿನಂಥ ಬೂದು ಗೆರೆ ಬಿಡುತ್ತದೆ. ಅದು ಗೀರಲ್ಲ, ಗ್ಲೇಜಿಗೆ ಅಂಟಿದ ಲೋಹ. ಓವನ್, ಮೈಕ್ರೋವೇವ್, ಫ್ರಿಜ್, ಡಿಶ್‌ವಾಷರ್ ನಾಲ್ಕೂ ನಿಷಿದ್ಧ. ಉಳಿದ ಸೂಪನ್ನು ಊಟವಾದ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಿ.

ತೊಳೆಯುವಾಗ ಸಿಂಕಿನ ತಳಕ್ಕೆ ದಪ್ಪ ಟವೆಲ್ ಹಾಸಿ, ನಲ್ಲಿಯನ್ನು ಪಕ್ಕಕ್ಕೆ ತಿರುಗಿಸಿಬಿಡಿ. ಗುಬಟು ತಾಗಿ ಮುರಿಯುವುದು ಅಲ್ಲೇ. ಪಾತ್ರೆ ಆರಿದ ಮೇಲೆ ಉಗುರುಬೆಚ್ಚನೆ ನೀರು, ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ, ಮೆತ್ತನೆ ಬಟ್ಟೆ. ಪುಡಿ, ನಾರು, ಸ್ಕ್ರಬ್ಬರ್ ಯಾವುದೂ ಬೇಡ. ಬೋರ್‌ವೆಲ್ ನೀರಿನ ಊರಾದರೆ ಕೊನೆಯ ಸಲ ಫಿಲ್ಟರ್ ನೀರಿನಲ್ಲಿ ಜಾಲಿಸಿ. ಬಿಳಿ ಪೊರೆ ಕಟ್ಟಿದ ಮೇಲೆ ವಿನಿಗರ್ ಹಾಕಿ ಉಜ್ಜುವ ಹಾಗಿಲ್ಲ, ಕಾರಣ ಮೇಲೆ ಹೇಳಿದ್ದೇ. ಮುಚ್ಚಳ ಹಾಕದೆ ಒಂದು ದಿನ ಒಣಗಲಿ. ಅರಿಶಿನದ ಹಳದಿ ಹತ್ತಿದ್ದರೆ ಒದ್ದೆ ಮಾಡಿ ಬಿಸಿಲಿಗಿಡಿ, ಬೆಳಕಿಗೆ ಅರಿಶಿನದ ಬಣ್ಣ ತಾನಾಗಿ ಮಾಸುತ್ತದೆ.

ಹಳೆಯ ಕಂದು ಕಲೆ ಬೇರೆ ಜಾತಿ. ಅದು ಬಿರುಕಿನ ಮೂಲಕ ಮಣ್ಣಿಗೆ ಇಳಿದ ಜಿಡ್ಡು ಮತ್ತು ಚಹಾದ ಒಗರು. ಎಲ್ಲಕ್ಕಿಂತ ಮೊದಲು ಮಾಡಬಾರದ್ದು: ಬಟ್ಟೆಗೆ ಹಾಕುವ ಬ್ಲೀಚ್. ಕಲೆ ಹೋಗುತ್ತದೆ, ಆದರೆ ಬ್ಲೀಚಿನ ಉಪ್ಪು ಮಣ್ಣಿನೊಳಗೆ ಉಳಿಯುತ್ತದೆ. ಒಣಗಿದಂತೆ ಹರಳುಗಟ್ಟಿ ಕೆಲವು ತಿಂಗಳ ನಂತರ ಗ್ಲೇಜನ್ನು ಒಳಗಿನಿಂದ ತಳ್ಳಿ ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ. ಆಮೇಲೆ ಅದಕ್ಕೆ ಮದ್ದಿಲ್ಲ. ಬಳಸಬೇಕಾದದ್ದು ಹೈಡ್ರೋಜನ್ ಪೆರಾಕ್ಸೈಡ್. ಔಷಧಿ ಅಂಗಡಿಯ 20 ವಾಲ್ಯೂಮ್ ಅಂದರೆ ಸುಮಾರು ಶೇ. 6, ಅದಕ್ಕೆ ಅಷ್ಟೇ ಡಿಸ್ಟಿಲ್ಡ್ ನೀರು ಬೆರೆಸಿದರೆ ಶೇ. 3. ಮೊದಲು ಪಾತ್ರೆಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಒಂದು ದಿನ ನೆನೆಸಿ. ಒಣ ಮಣ್ಣಿಗೆ ನೇರವಾಗಿ ಹಚ್ಚಿದರೆ ಕರಗಿದ ಕಲೆ ಇನ್ನೂ ಒಳಕ್ಕೆ ಹೋಗುತ್ತದೆ. ಆಮೇಲೆ ಹತ್ತಿಯನ್ನು ಪೆರಾಕ್ಸೈಡಿನಲ್ಲಿ ಅದ್ದಿ ಕಲೆಯ ಮೇಲೆ ಹೊದಿಸಿ, ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಮುಚ್ಚಿ. ಅನಿಲ ಹೊರಡುವುದರಿಂದ ಬಿಗಿಯಾಗಿ ಕಟ್ಟಬಾರದು. ಕೈಗೆ ಗ್ಲೌಸ್ ಇರಲಿ. ದಿನಕ್ಕೊಮ್ಮೆ ಹತ್ತಿ ಬದಲಿಸಿ, ಕಲೆ ನೋಡಿಕೊಂಡು ಮೂರರಿಂದ ಹತ್ತು ದಿನ. ಮುಗಿದ ಮೇಲೆ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ನೆರಳಿನಲ್ಲಿ ವಾರಗಟ್ಟಲೆ ಒಣಗಿಸಿ. ಬೇಗ ಒಣಗಲೆಂದು ಓವನ್ನಿಗೆ ಇಡುವವರಿದ್ದಾರೆ. ನೀರು ಹೀರಿದ ಮಣ್ಣು ಆ ಶಾಖಕ್ಕೆ ಸೀಳುತ್ತದೆ. ಚಿನ್ನದ ಗೆರೆ, ಗ್ಲೇಜಿನ ಮೇಲಿನ ಬಣ್ಣ, ಅಂಟಿನ ರಿಪೇರಿ, ಕಬ್ಬಿಣದ ಕೊಕ್ಕೆ ಇದ್ದರೆ ಪೆರಾಕ್ಸೈಡ್ ಬೇಡವೇ ಬೇಡ. ಕಲೆ ಹೋದರೂ ಬಿರುಕು ಹೋಗುವುದಿಲ್ಲ ಎನ್ನುವುದನ್ನು ಮರೆಯಬೇಡಿ. ಆ ಪಾತ್ರೆಗೆ ಒಳಬಟ್ಟಲೇ ಗತಿ.

ಇಡುವಾಗ ಮುಚ್ಚಳ ಮತ್ತು ಪಾತ್ರೆಯ ನಡುವೆ ನಾಲ್ಕು ಕಡೆ ಮೆತ್ತನೆ ಬಟ್ಟೆಯ ತುಂಡು ಇರಲಿ, ಗಾಳಿಯೂ ಆಡುತ್ತದೆ, ಅಂಚೂ ಉಳಿಯುತ್ತದೆ. ಮಲೆನಾಡು, ಕರಾವಳಿಯವರು ಬಬಲ್ ರ‍್ಯಾಪಿನಲ್ಲಿ ಸುತ್ತಿ ಮಳೆಗಾಲ ಕಳೆಯಬೇಡಿ, ಬಿರುಕುಗಳಲ್ಲಿ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಕೊರಿಯರಿನಲ್ಲಿ ತರಿಸುವಾಗ ಮಾರುವವರಿಗೆ ಬರೆದೇ ಕೊಡಿ: ಮುಚ್ಚಳ, ಪಾತ್ರೆ, ತಟ್ಟೆ ಮೂರೂ ಬೇರೆ ಬೇರೆ ಸುತ್ತಬೇಕು, ಮುಚ್ಚಳವನ್ನು ಪಾತ್ರೆಯ ಮೇಲಿಟ್ಟು ಟೇಪ್ ಹಾಕಬಾರದು, ಪಾತ್ರೆಯೊಳಗೆ ಕಾಗದ ತುಂಬಬೇಕು, ಕಿವಿಗಳ ಸುತ್ತ ಒತ್ತಡ ಬೀಳದಂತೆ ಪಾತ್ರೆಯ ಮೈಮಟ್ಟಕ್ಕೆ ಕಾಗದ ಕಟ್ಟಬೇಕು, ಡಬ್ಬದೊಳಗೆ ಡಬ್ಬ, ನಡುವೆ ಎಲ್ಲ ಕಡೆ 5 ಸೆಂ.ಮೀ. ಮೆತ್ತೆ.

ವಿದೇಶದಲ್ಲಿರುವವರು ಊರಿನ ಮನೆಯ ಹಳೆಯ ಟ್ಯೂರೀನ್ ಕೊಂಡೊಯ್ಯುವ ಮೊದಲು ಒಂದು ಕಾನೂನು ತಿಳಿದಿರಬೇಕು. 1972ರ ಪುರಾವಸ್ತು ಕಾಯಿದೆ ಪ್ರಕಾರ 100 ವರ್ಷ ದಾಟಿದ ಇಂಥ ಕಲಾವಸ್ತು ಪುರಾವಸ್ತು ಎನಿಸಿಕೊಳ್ಳಬಹುದು. ಪುರಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಷ್ಟು ಹಳೆಯದಲ್ಲ, ನೋಡಲು ಮಾತ್ರ ಹಾಗೆ ಕಾಣುತ್ತದೆ ಎಂದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ‘ಪುರಾವಸ್ತುವಲ್ಲ’ ಎಂಬ ಪ್ರಮಾಣಪತ್ರ ಮೊದಲೇ ಪಡೆದು, ಅದರ ಪ್ರತಿಯನ್ನು ಸಾಮಾನಿನ ಜೊತೆಗೇ ಇಟ್ಟುಕೊಳ್ಳಿ.